ಷೇರುಪೇಟೆ ಅಲುಗಾಡುವಾಗ ಯಾವ ಫಂಡ್? ಮಂಗಳೂರು, ಉಡುಪಿಯ ಮನೆಗಳಿಗೆ ಒಂದು ಹೋಲಿಕೆ

ಎಲ್ಲೋ ಯುದ್ಧ ಶುರುವಾದರೆ, ಅಮೆರಿಕ ಸುಂಕ ಏರಿಸಿದರೆ, ಕಚ್ಚಾ ತೈಲದ ಬೆಲೆ ಜಿಗಿದರೆ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: "ಫಂಡ್‌ಗೆ ಈಗ ಹಾಕಬಹುದಾ, ಸ್ವಲ್ಪ ದಿನ ಕಾಯೋದಾ?" ಫಂಡ್ ಅಂದರೆ ಇಲ್ಲಿ ಮ್ಯೂಚುವಲ್ ಫಂಡ್, ಅನೇಕರ ಹಣ ಒಟ್ಟುಮಾಡಿ ಷೇರು, ಸಾಲಪತ್ರಗಳಲ್ಲಿ ಹಾಕುವ ಯೋಜನೆ. ಉತ್ತರ ಕೊಡಲು ಟಿವಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಕೇಳಿದರೆ ಆ ಪ್ರಶ್ನೆಯೇ ಅರ್ಧ. ಪೇಟೆ ಎಷ್ಟು ಅಲುಗಾಡುತ್ತದೆ ಎಂಬುದು ಎಲ್ಲರಿಗೂ ಸಮಾನ. ನಿಮ್ಮ ಸಂಪಾದನೆ ಎಷ್ಟು ಅಲುಗಾಡುತ್ತದೆ ಎಂಬುದು ಮನೆಯಿಂದ ಮನೆಗೆ ಬೇರೆ. ಫಂಡ್ ಆರಿಸುವಾಗ ಮೊದಲು ನೋಡಬೇಕಾದ್ದು ಈ ಎರಡನೆಯದನ್ನು.

ನಮ್ಮ ಕರಾವಳಿಯನ್ನೇ ತೆಗೆದುಕೊಳ್ಳಿ. ದುಬೈಯಲ್ಲೋ ದೋಹಾದಲ್ಲೋ ದುಡಿಯುವ ಮಗನ ಕೆಲಸ ನಿಂತಿರುವುದು ತೈಲದ ಬೆಲೆ, ಅಲ್ಲಿನ ಕಾಮಗಾರಿ, ವೀಸಾ ಇವುಗಳ ಮೇಲೆ. ಮಲ್ಪೆಯ ಟ್ರಾಲ್ ಬೋಟ್‌ನವರು ಜೂನ್, ಜುಲೈ ಎರಡು ತಿಂಗಳು ಕಡಲಿಗೆ ಇಳಿಯುವಂತಿಲ್ಲ. ಪುತ್ತೂರು, ಬಂಟ್ವಾಳದ ತೋಟದವರಿಗೆ ದೊಡ್ಡ ಮೊತ್ತ ಕೈಗೆ ಬರುವುದು ಅಡಿಕೆ ಕೊಟ್ಟಾಗ. ಬ್ಯಾಂಕಿನಿಂದ ನಿವೃತ್ತರಾದವರಿಗೆ ಪೇಟೆ ಬಿದ್ದರೂ ಎದ್ದರೂ ತಿಂಗಳ ಪಿಂಚಣಿ ಬರುತ್ತದೆ. ಈ ನಾಲ್ವರ ಕೈಯಲ್ಲೂ ತಲಾ 10 ಲಕ್ಷ ಇದೆ ಅಂದುಕೊಳ್ಳಿ. ನಾಲ್ವರಿಗೂ ಒಂದೇ ಫಂಡ್ ಹೇಳುವವರನ್ನು ನಾನಂತೂ ನಂಬುವುದಿಲ್ಲ.

'ನೂರರಿಂದ ವಯಸ್ಸು ಕಳೆಯಿರಿ, ಉಳಿದಷ್ಟು ಶೇಕಡಾ ಷೇರಿಗೆ ಹಾಕಿ' ಎಂಬ ಲೆಕ್ಕ ನೀವೂ ಕೇಳಿರಬಹುದು. ಅದರ ಪ್ರಕಾರ ಗಲ್ಫ್‌ನಲ್ಲಿರುವ 35ರ ಹುಡುಗ ಶೇ. 65 ಷೇರಿಗೆ ಹಾಕಬೇಕು, 65ರ ಪಿಂಚಣಿದಾರರು ಶೇ. 35. ನಮ್ಮೂರಲ್ಲಿ ಎಷ್ಟೋ ಸಲ ಇದು ತಿರುಗುಮುರುಗಾಗಬೇಕು. ಸ್ವಂತ ಮನೆ, ಪಿಂಚಣಿ, ಸಾಲವಿಲ್ಲದ ಬದುಕು ಇರುವ ಹಿರಿಯರು ಪೇಟೆ ಬಿದ್ದಾಗ ಐದು ವರ್ಷ ಸುಮ್ನೆ ಕೂರಬಲ್ಲರು. ಮನೆ ಸಾಲ, ತಂಗಿಯ ಮದುವೆ, ಎರಡು ವರ್ಷದ ಕಾಂಟ್ರಾಕ್ಟ್ ಎಲ್ಲವನ್ನೂ ಹೊತ್ತಿರುವ ಹುಡುಗನಿಗೆ ಆ ಸೌಲಭ್ಯ ಇಲ್ಲ. ಪೇಟೆ ಬೀಳುವುದೂ ಅವನ ಕೆಲಸ ಹೋಗುವುದೂ ಒಂದೇ ಸಮಯಕ್ಕೆ ಆಗಬಹುದು. 2020ರಲ್ಲಿ ಅನೇಕರಿಗೆ ಆದದ್ದೂ ಅದೇ.

ಬಿದ್ದರೆ ಎಷ್ಟು ಬೀಳುತ್ತದೆ?

ಇದನ್ನು ಮೊದಲೇ ತಿಳಿದಿರಬೇಕು. 2008ರ ಜನವರಿಯಲ್ಲಿ ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 21 ಸಾವಿರದ ಹತ್ತಿರ ಇತ್ತು. 2009ರ ಮಾರ್ಚ್ ಹೊತ್ತಿಗೆ ಅದು ಸುಮಾರು 8,160. ಅಂದರೆ 1 ಲಕ್ಷ ಹಾಕಿದವರ ಕೈಯಲ್ಲಿ 39 ಸಾವಿರ. ಮತ್ತೆ 21 ಸಾವಿರ ಕಾಣಲು 2010ರ ನವೆಂಬರ್‌ವರೆಗೆ ಕಾಯಬೇಕಾಯಿತು. ಕೊರೊನಾ ಕಾಲದ ಕತೆ ಬೇರೆ. 2020ರ ಜನವರಿಯಲ್ಲಿ 42 ಸಾವಿರ ಮುಟ್ಟಿದ್ದು ಮಾರ್ಚ್ 23ಕ್ಕೆ 26 ಸಾವಿರಕ್ಕಿಂತ ಕೆಳಗೆ ಬಂತು. ಆ ಒಂದೇ ದಿನ ಶೇ. 13 ಹೋಯಿತು. ಆದರೆ ಅದೇ ವರ್ಷದ ನವೆಂಬರ್‌ನಲ್ಲಿ ಮತ್ತೆ 42 ಸಾವಿರ ದಾಟಿತ್ತು.

ಒಂದು ಸಲ ಮೂರು ವರ್ಷದ ಹತ್ತಿರ, ಇನ್ನೊಂದು ಸಲ ಹತ್ತು ತಿಂಗಳು. ಮುಂದಿನ ಸಲ ಎಷ್ಟು ಅಂತ ಯಾರೂ ಹೇಳಲಾರರು. ಇನ್ನೊಂದು ಲೆಕ್ಕವೂ ನೆನಪಿರಲಿ. ಶೇ. 40 ಬಿದ್ದ ಹಣ ಮೊದಲಿನ ಜಾಗಕ್ಕೆ ಬರಲು ಶೇ. 40 ಏರಿದರೆ ಸಾಲದು, ಶೇ. 67ರಷ್ಟು ಏರಬೇಕು. ಬೀಳುವಾಗ 10 ಲಕ್ಷದ ಮೇಲೆ ಬೀಳುತ್ತದೆ, ಏರುವಾಗ ಉಳಿದ 6 ಲಕ್ಷದ ಮೇಲೆ ಏರಬೇಕು.

ಹಾಗಾಗಿ ಮುಂದಿನ ಹೋಲಿಕೆಯನ್ನೆಲ್ಲ ನಾನು ಹಣ ಯಾವಾಗ ಬೇಕು ಎಂಬುದರ ಮೇಲೆ ಭಾಗ ಮಾಡಿದ್ದೇನೆ. ಯಾವ ಫಂಡ್ ಕಳೆದ ವರ್ಷ ಎಷ್ಟು ಕೊಟ್ಟಿತು ಎಂಬ ಪಟ್ಟಿ ಇಲ್ಲಿ ಸಿಗುವುದಿಲ್ಲ.

ಎರಡು ವರ್ಷದೊಳಗೆ ಬೇಕಾದ ಹಣ: ಎಫ್‌ಡಿ, ಸೊಸೈಟಿ, ಲಿಕ್ವಿಡ್, ಆರ್ಬಿಟ್ರೇಜ್

ಮಗಳ ಕಾಲೇಜು ಫೀಸು, ಮನೆಯ ಮಾಡು ರಿಪೇರಿ, ಕೆಲಸ ಹೋದರೆ ಆರು ತಿಂಗಳು ನಡೆಸುವ ಖರ್ಚು. ಈ ಹಣ ಷೇರಿನ ಫಂಡ್‌ಗೆ ಹೋಗಬಾರದು. ಇದರಲ್ಲಿ ಚರ್ಚೆಗೆ ಜಾಗವಿಲ್ಲ. ಚರ್ಚೆ ಇರುವುದು ಉಳಿದವುಗಳಲ್ಲಿ ಯಾವುದು ಎಂಬುದರಲ್ಲಿ.

ಬ್ಯಾಂಕ್ ಎಫ್‌ಡಿಗೆ ಒಂದು ದೊಡ್ಡ ಬಲ ಠೇವಣಿ ವಿಮೆ. 2020ರ ಫೆಬ್ರವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆ ಸೇರಿ, ಅಸಲು ಬಡ್ಡಿ ಕೂಡಿ 5 ಲಕ್ಷದವರೆಗೆ ರಕ್ಷಣೆ ಇದೆ. ನಮ್ಮ ಜಿಲ್ಲೆಯವರು ಗಮನಿಸಬೇಕಾದ ಸಣ್ಣ ಸಂಗತಿ ಒಂದಿದೆ. ಹಿಂದೆ ಸಿಂಡಿಕೇಟ್‌ನಲ್ಲಿ 5 ಲಕ್ಷ, ಕೆನರಾದಲ್ಲಿ 5 ಲಕ್ಷ ಇಟ್ಟವರಿಗೆ ಎರಡು ಕಡೆ ಪ್ರತ್ಯೇಕ ರಕ್ಷಣೆ ಸಿಗುತ್ತಿತ್ತು. 2020ರ ಏಪ್ರಿಲ್ 1ರಿಂದ ಸಿಂಡಿಕೇಟ್ ಕೆನರಾದೊಳಗೆ ಹೋಯಿತು, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿತು. ವಿಜಯಾ ಬ್ಯಾಂಕ್ ಅದಕ್ಕೂ ಒಂದು ವರ್ಷ ಮೊದಲೇ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತ್ತು. ಬೋರ್ಡ್ ಬದಲಾಯಿತು, ಪಾಸ್‌ಬುಕ್ ಬದಲಾಯಿತು. ಜೊತೆಗೆ ಎರಡು ರಕ್ಷಣೆ ಒಂದಾಯಿತು. ಸರಕಾರಿ ಬ್ಯಾಂಕ್ ಮುಳುಗುವ ಮಾತು ದೂರದ್ದು, ಹೆದರಬೇಕಾಗಿಲ್ಲ. ಲೆಕ್ಕ ಮಾತ್ರ ಗೊತ್ತಿರಲಿ.

ಸೊಸೈಟಿ ವಿಷಯ ಬೇರೆ. ಊರೂರಿನಲ್ಲಿ ಸಹಕಾರಿ ಸಂಘ, ಸೌಹಾರ್ದ ಸಹಕಾರಿ ಇವೆ. ಬ್ಯಾಂಕಿಗಿಂತ ಅರ್ಧ, ಒಂದು ಪರ್ಸೆಂಟ್ ಜಾಸ್ತಿ ಕೊಡುತ್ತವೆ. ಕೌಂಟರ್‌ನಲ್ಲಿರುವುದು ಪರಿಚಯದ ಮುಖ. ಬಹುಪಾಲು ಚೆನ್ನಾಗಿಯೇ ನಡೆಯುತ್ತಿವೆ. ಆದರೆ ಆರ್‌ಬಿಐ ಪರವಾನಗಿಯ ಸಹಕಾರಿ ಬ್ಯಾಂಕಿಗೆ ಇರುವ 5 ಲಕ್ಷದ ವಿಮೆ ಪತ್ತಿನ ಸಹಕಾರಿ ಸಂಘಕ್ಕೆ ಇಲ್ಲ. ಬೋರ್ಡ್‌ನಲ್ಲಿ 'ಬ್ಯಾಂಕ್' ಇದೆಯಾ, 'ಸಂಘ' ಇದೆಯಾ ನೋಡಿ. ಆರ್ಥಿಕ ಸ್ಥಿತಿ ಬಿಗಿಯಾದಾಗ ಸಾಲ ವಸೂಲಿ ಮೊದಲು ನಿಲ್ಲುವುದು ಸಣ್ಣ ಸಂಸ್ಥೆಗಳಲ್ಲಿ. ಒಂದು ಪರ್ಸೆಂಟ್‌ಗೋಸ್ಕರ ಆಪತ್ತಿನ ಹಣ ಪೂರ್ತಿ ಅಲ್ಲಿಡುವುದು ನನಗೆ ಸರಿ ಕಾಣುವುದಿಲ್ಲ. ಸದಸ್ಯರಾಗಿದ್ದೀರಿ, ಮಹಾಸಭೆಗೆ ಹೋಗುತ್ತೀರಿ, ವರದಿ ಓದುತ್ತೀರಿ ಅಂದರೆ ಒಂದು ಪಾಲು ಇಡಿ.

ಲಿಕ್ವಿಡ್ ಫಂಡ್ 91 ದಿನದೊಳಗೆ ಮುಗಿಯುವ ಸಾಲಪತ್ರಗಳಲ್ಲಿ ಹಣ ಇಡುತ್ತದೆ. ಇವತ್ತು ಕೇಳಿದರೆ ಸಾಮಾನ್ಯವಾಗಿ ಮರು ಕೆಲಸದ ದಿನ ಖಾತೆಗೆ ಬರುತ್ತದೆ. ಎಫ್‌ಡಿ ಮಧ್ಯದಲ್ಲಿ ಮುರಿದರೆ ಬಡ್ಡಿ ಕಡಿತ ಇದೆ. ಇಲ್ಲಿ ಏಳು ದಿನ ಕಳೆದ ಮೇಲೆ ತೆಗೆದರೆ ಕಡಿತ ಇಲ್ಲ. ಹಾಗಂತ ಇದು ಉಳಿತಾಯ ಖಾತೆಯಷ್ಟೇ ಗಟ್ಟಿ ಎಂದುಕೊಳ್ಳಬೇಡಿ. 2020ರ ಮಾರ್ಚ್‌ನಲ್ಲಿ ಕೆಲವು ಲಿಕ್ವಿಡ್ ಫಂಡ್‌ಗಳ ಎನ್‌ಎವಿಯೂ (ಫಂಡ್‌ನ ಒಂದು ಯೂನಿಟ್‌ನ ಬೆಲೆ) ಚೂರು ಇಳಿದಿತ್ತು. ಬೋಟ್, ಅಂಗಡಿ, ಕ್ಯಾಟರಿಂಗ್ ಹೀಗೆ ಹಣ ಬಂದು ಹೋಗುವ ವ್ಯವಹಾರದವರಿಗೆ ಎಫ್‌ಡಿಗಿಂತ ಇದೇ ಹಿತ. ಯಾವ ದಿನ ಎಷ್ಟು ಬೇಕೆಂದು ಮೊದಲೇ ಗೊತ್ತಿಲ್ಲವಲ್ಲ.

ಆರ್ಬಿಟ್ರೇಜ್ ಫಂಡನ್ನು ಈಗ ಎಲ್ಲರೂ ಹೇಳುತ್ತಾರೆ. ಷೇರನ್ನು ನಗದು ಪೇಟೆಯಲ್ಲಿ ಕೊಂಡು, ಅದೇ ಹೊತ್ತಿಗೆ ಫ್ಯೂಚರ್ಸ್‌ನಲ್ಲಿ (ಮುಂದಿನ ದಿನಾಂಕದ ವ್ಯವಹಾರಕ್ಕೆ ಈಗಲೇ ಬೆಲೆ ಗೊತ್ತುಮಾಡುವ ಪೇಟೆ) ಮಾರಿ, ನಡುವಿನ ವ್ಯತ್ಯಾಸವನ್ನು ಲಾಭ ಮಾಡಿಕೊಳ್ಳುವುದು ಅದರ ಕೆಲಸ. ಗಳಿಕೆ ಹೆಚ್ಚುಕಡಿಮೆ ಲಿಕ್ವಿಡ್ ಫಂಡ್‌ನಷ್ಟೇ. ತೆರಿಗೆ ಮಾತ್ರ ಷೇರಿನ ಫಂಡ್‌ನಂತೆ: ವರ್ಷದೊಳಗೆ ತೆಗೆದರೆ ಶೇ. 20, ವರ್ಷ ದಾಟಿದರೆ 1.25 ಲಕ್ಷದ ಮೇಲಿನ ಲಾಭಕ್ಕೆ ಶೇ. 12.5. ಶೇ. 30ರ ತೆರಿಗೆ ಕಟ್ಟುವ ಡಾಕ್ಟರು, ಐಟಿಯವರಿಗೆ ಇದರಲ್ಲಿ ನಿಜವಾದ ಉಳಿತಾಯ ಇದೆ. ಅವರ ಪಾಲಿಗೆ ಶೇ. 7ರ ಎಫ್‌ಡಿ ತೆರಿಗೆ ಕಳೆದು ಶೇ. 5ಕ್ಕಿಂತ ಕೆಳಗೆ ಬೀಳುತ್ತದೆ.

ಉಳಿದವರಿಗೆ? ಇಲ್ಲಿ ಹೆಚ್ಚಿನವರು ಎಡವುತ್ತಾರೆ. 2025–26ನೇ ಸಾಲಿನಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಎಫ್‌ಡಿ ಬಡ್ಡಿಗೂ ಈ ರಿಯಾಯಿತಿ ಸಲ್ಲುತ್ತದೆ. ಷೇರಿನ ಫಂಡ್‌ನ ಶೇ. 20, ಶೇ. 12.5ರ ತೆರಿಗೆಗೆ ಸಲ್ಲುವುದಿಲ್ಲ. ಅಂದರೆ ವರ್ಷಕ್ಕೆ 7–8 ಲಕ್ಷ ಬರುವ ನಿವೃತ್ತರಿಗೆ ಎಫ್‌ಡಿಗೆ ತೆರಿಗೆಯೇ ಇಲ್ಲ. ತೆರಿಗೆ ಉಳಿಸಲೆಂದು ಅವರನ್ನು ಆರ್ಬಿಟ್ರೇಜ್‌ಗೆ ಎಳೆದರೆ ಇಲ್ಲದ ತೆರಿಗೆ ಮೈಮೇಲೆ ಹಾಕಿಕೊಂಡಂತೆ ಆಗಬಹುದು. ಯಾರಾದರೂ ಹಾಗೆ ಹೇಳಿದರೆ, "ನನ್ನ ಆದಾಯಕ್ಕೆ ಲೆಕ್ಕ ಹಾಕಿ ತೋರಿಸಿ ಮಾರಾಯ್ರೆ" ಅನ್ನಿ.

ಡೆಟ್ ಫಂಡ್: ಹೆಸರು ಒಂದೇ, ಒಳಗೆ ಹತ್ತು ತರ

ಎರಡರಿಂದ ನಾಲ್ಕೈದು ವರ್ಷದ ಹಣಕ್ಕೆ ಎಫ್‌ಡಿಯೋ, ಸಾಲಪತ್ರಗಳಲ್ಲಿ ಹಣ ಹಾಕುವ ಡೆಟ್ ಫಂಡೋ ಎಂಬ ಪ್ರಶ್ನೆಗೆ 2023ರವರೆಗೆ ಉತ್ತರ ಫಂಡ್ ಕಡೆ ವಾಲುತ್ತಿತ್ತು. ಆ ವರ್ಷದ ಏಪ್ರಿಲ್ 1ರ ನಂತರ ಕೊಂಡ ಡೆಟ್ ಫಂಡ್‌ನ ಲಾಭ ಎಷ್ಟು ವರ್ಷ ಇಟ್ಟರೂ ನಿಮ್ಮ ಆದಾಯಕ್ಕೆ ಸೇರಿ ಎಫ್‌ಡಿ ಬಡ್ಡಿಯಂತೆಯೇ ತೆರಿಗೆಗೆ ಒಳಪಡುತ್ತದೆ. ದೊಡ್ಡ ಅನುಕೂಲ ಹೋಯಿತು. ಉಳಿದದ್ದು ಸಣ್ಣವು: ತೆಗೆಯುವವರೆಗೆ ತೆರಿಗೆ ಮುಂದೆ ಹೋಗುತ್ತದೆ, ವರ್ಷವರ್ಷವೂ ಟಿಡಿಎಸ್ ಕಾಟ ಇಲ್ಲ, ಬೇಕಾದಷ್ಟೇ ಬಿಡಿಸಿಕೊಳ್ಳಬಹುದು.

ಅಪಾಯ ಎರಡು ಕಡೆಯಿಂದ ಬರುತ್ತದೆ. ಮೊದಲನೆಯದು ಬಡ್ಡಿದರ. ದರ ಇಳಿದರೆ ಹಳೆಯ ಬಾಂಡ್‌ನ ಬೆಲೆ ಏರುತ್ತದೆ, ದರ ಏರಿದರೆ ಬೆಲೆ ಇಳಿಯುತ್ತದೆ. ಎಷ್ಟು ಎಂಬುದನ್ನು ಫಂಡ್‌ನ ಮಾಹಿತಿ ಪತ್ರದಲ್ಲಿರುವ 'ಮಾಡಿಫೈಡ್ ಡ್ಯುರೇಷನ್' ಹೇಳುತ್ತದೆ. ಅದು 7 ಇದ್ದರೆ ದರ ಒಂದು ಪರ್ಸೆಂಟ್ ಏರಿದಾಗ ನಿಮ್ಮ ಹಣ ಸುಮಾರು ಶೇ. 7 ಇಳಿಯುತ್ತದೆ. 1 ಇದ್ದರೆ ಶೇ. 1. 2025ರ ಫೆಬ್ರವರಿಯಿಂದ ಜೂನ್ ಒಳಗೆ ಆರ್‌ಬಿಐ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರವನ್ನು 6.5ರಿಂದ 5.5ಕ್ಕೆ ತಂದಿತು. ಇಂಥ ಇಳಿಕೆಯ ನಂತರ ಗಿಲ್ಟ್ ಫಂಡ್‌ನ ಹಿಂದಿನ ಗಳಿಕೆ ಪಟ್ಟಿಯಲ್ಲಿ ಹೊಳೆಯುತ್ತದೆ. ಅದನ್ನು ನೋಡಿ ಕೊಳ್ಳುವವರು ಮುಗಿದ ಊಟಕ್ಕೆ ಬಾಳೆಲೆ ಹಾಕಿ ಕೂತವರು. ಗಿಲ್ಟ್ ಫಂಡ್‌ನಲ್ಲಿರುವುದು ಸರಕಾರಿ ಸಾಲಪತ್ರ. ಹಣ ಮುಳುಗುವ ಭಯ ಇಲ್ಲ ಅನ್ನುವುದು ನಿಜ. ಆದರೆ ಬೆಲೆ ಕುಸಿಯುವುದಿಲ್ಲ ಎಂದು ಅದರ ಅರ್ಥವಲ್ಲ.

ಎರಡನೆಯದು ಸಾಲ ತೆಗೆದುಕೊಂಡ ಕಂಪನಿ ಕೈಕೊಡುವ ಅಪಾಯ. 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ಆರು ಡೆಟ್ ಫಂಡ್‌ಗಳನ್ನು ಒಮ್ಮೆಲೇ ಮುಚ್ಚಿತು. 25 ಸಾವಿರ ಕೋಟಿಗೂ ಹೆಚ್ಚು ಹಣ ಸಿಕ್ಕಿಬಿತ್ತು. ಅದರಲ್ಲಿ 'ಅಲ್ಟ್ರಾ ಶಾರ್ಟ್' ಎಂಬ ಹೆಸರಿನದೂ ಇತ್ತು. ಕೆಲವೇ ತಿಂಗಳಿಗೆ ಹಣ ಇಟ್ಟವರೂ ಅದರಲ್ಲಿದ್ದರು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಮೊದಲ ಕಂತು ಕೈಗೆ ಬಂದದ್ದು 2021ರ ಫೆಬ್ರವರಿಯಲ್ಲಿ. ಕೊನೆಗೆ ಹಣ ಮರಳಿತು, ಮುಚ್ಚಿದ ದಿನದ ಮೌಲ್ಯಕ್ಕಿಂತ ಕಡಿಮೆಯೇನೂ ಆಗಲಿಲ್ಲ. ಆದರೆ ಲಾಕ್‌ಡೌನ್‌ನಲ್ಲಿ ಹಣ ಬೇಕಾಗಿದ್ದವರಿಗೆ ಅದರಿಂದ ಏನು ಪ್ರಯೋಜನ?

ಆದ್ದರಿಂದ ಡೆಟ್ ಫಂಡ್ ಬೇಕೇ ಬೇಕು ಎನ್ನುವವರು ಮಾಹಿತಿ ಪತ್ರ ತೆಗೆದು ಎರಡು ಕಡೆ ಬೆರಳಿಡಿ: ಡ್ಯುರೇಷನ್ ಮೂರಕ್ಕಿಂತ ಕಡಿಮೆ ಇದೆಯಾ, ಸಾಲಪತ್ರಗಳಲ್ಲಿ ಎಎಎ (ಅತಿ ಭದ್ರ ಎಂಬ ದರ್ಜೆ) ಮತ್ತು ಸರಕಾರಿ ಪಾಲು ಎಷ್ಟು. ಬ್ಯಾಂಕಿಂಗ್ ಆಂಡ್ ಪಿಎಸ್‌ಯು ಫಂಡ್, ಕಾರ್ಪೊರೇಟ್ ಬಾಂಡ್ ಫಂಡ್ ಇವುಗಳಲ್ಲಿ ಕೆಲವು ಈ ಗೆರೆಯೊಳಗೆ ಬರುತ್ತವೆ, ಎಲ್ಲವೂ ಅಲ್ಲ. ಕಡಿಮೆ ದರ್ಜೆಯ ಸಾಲಪತ್ರ ಕೊಳ್ಳುವ ಕ್ರೆಡಿಟ್ ರಿಸ್ಕ್ ಫಂಡ್ ಅಪಾಯವನ್ನು ಹೆಸರಲ್ಲೇ ಹೇಳಿಬಿಟ್ಟಿದೆ, ಬಿಡಿ.

60 ದಾಟಿದವರಿಗೆ ನನ್ನ ಮಟ್ಟಿಗೆ ಈ ಹೋಲಿಕೆಯೇ ಅನಗತ್ಯ. ಅಂಚೆ ಕಚೇರಿಯ, ಬ್ಯಾಂಕಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರ ಏಪ್ರಿಲ್‌ನಿಂದ ಶೇ. 8.2 ಬಡ್ಡಿ, 30 ಲಕ್ಷದವರೆಗೆ ಇಡಬಹುದು. ಪೂರ್ತಿ ಇಟ್ಟರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ. ಹೊಸದಾಗಿ ಇಡುವವರಿಗೆ ಸರಕಾರ ದರವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ. ಇಟ್ಟ ಮೇಲೆ ಐದು ವರ್ಷ ನಿಮ್ಮ ದರ ಬದಲಾಗದು. ಯಾವ ಒಳ್ಳೆಯ ಡೆಟ್ ಫಂಡೂ ಇದಕ್ಕೆ ಭರವಸೆಯಿಂದ ಎದುರು ನಿಲ್ಲಲಾರದು.

ಗಲ್ಫ್‌ನವರಿಗೂ ಲೆಕ್ಕ ಸುಲಭ. ಅನಿವಾಸಿಯಾಗಿ ಇರುವವರೆಗೆ ಎನ್‌ಆರ್‌ಇ (ವಿದೇಶದ ದುಡಿಮೆ ಇಡುವ ಅನಿವಾಸಿ ಖಾತೆ) ಎಫ್‌ಡಿ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಡೆಟ್ ಫಂಡ್ ಲಾಭದಲ್ಲಿ ಮಾತ್ರ ತೆಗೆಯುವಾಗಲೇ ತೆರಿಗೆ ಹಿಡಿದು ಕೊಡುತ್ತಾರೆ. ಹಾಗಾಗಿ ಅವರ ಸುರಕ್ಷಿತ ಪಾಲು ಎನ್‌ಆರ್‌ಇ ಎಫ್‌ಡಿಯಲ್ಲೇ ಇರಲಿ. ಊರಿಗೆ ಮರಳಿ ನೆಲೆಸಿದ ಮೇಲೆ ಆ ಖಾತೆಯನ್ನು ಬದಲಾಯಿಸಬೇಕು, ಆಮೇಲಿನ ಬಡ್ಡಿಗೆ ತೆರಿಗೆ ಇದೆ.

ಐದು ವರ್ಷ ದಾಟುವ ಹಣ: ಹೈಬ್ರಿಡ್ ಮತ್ತು ಇಂಡೆಕ್ಸ್

ಇಲ್ಲಿಗೆ ಬಂದಾಗ ಮಾತ್ರ ಷೇರಿನ ಮಾತು. ಪೇಟೆಗೆ ಹೆದರುವವರಿಗೆ ಷೇರು, ಸಾಲಪತ್ರ ಎರಡೂ ಸೇರಿದ ಹೈಬ್ರಿಡ್ ಫಂಡ್ ಮೂರು ತರದ್ದು ತೋರಿಸುತ್ತಾರೆ. ಮೂರಕ್ಕೂ ಒಳಗಿನ ವ್ಯತ್ಯಾಸ ತುಂಬ ದೊಡ್ಡದು.

ಅಗ್ರೆಸಿವ್ ಹೈಬ್ರಿಡ್‌ನಲ್ಲಿ ಶೇ. 65ರಿಂದ 80 ಷೇರು ಇರಲೇಬೇಕೆಂದು ಪೇಟೆಯ ನಿಯಂತ್ರಕ ಸೆಬಿಯ ನಿಯಮ. ಕನ್ಸರ್ವೇಟಿವ್ ಹೈಬ್ರಿಡ್‌ನಲ್ಲಿ ಷೇರು ಶೇ. 10ರಿಂದ 25. ಬ್ಯಾಲೆನ್ಸ್ಡ್ ಅಡ್ವಾಂಟೇಜ್‌ಗೆ ಇಷ್ಟೇ ಎಂಬ ಗೆರೆ ಇಲ್ಲ. ಪೇಟೆ ದುಬಾರಿ ಅನಿಸಿದರೆ ಷೇರು ಇಳಿಸುತ್ತಾರೆ, ಅಗ್ಗ ಅನಿಸಿದರೆ ಏರಿಸುತ್ತಾರೆ. 2020ರಂತೆ ಷೇರುಪೇಟೆ ಶೇ. 38 ಬಿದ್ದಿತು, ಸಾಲಪತ್ರದ ಪಾಲು ಅಲ್ಲೇ ನಿಂತಿತು ಅಂದುಕೊಂಡು ಲೆಕ್ಕ ಹಾಕಿ. ಶೇ. 65 ಷೇರಿರುವ ಅಗ್ರೆಸಿವ್ ಹೈಬ್ರಿಡ್ ಸುಮಾರು ಶೇ. 25 ಇಳಿಯುತ್ತದೆ. ನಿಜವಾದ ಷೇರು ಪಾಲನ್ನು ಶೇ. 40ಕ್ಕೆ ತಂದಿಟ್ಟ ಬ್ಯಾಲೆನ್ಸ್ಡ್ ಅಡ್ವಾಂಟೇಜ್ ಶೇ. 15. ಶೇ. 20 ಷೇರಿನ ಕನ್ಸರ್ವೇಟಿವ್ ಶೇ. 8ಕ್ಕಿಂತ ಕಡಿಮೆ. 10 ಲಕ್ಷಕ್ಕೆ ಹೇಳುವುದಾದರೆ ಎರಡೂವರೆ ಲಕ್ಷ, ಒಂದೂವರೆ ಲಕ್ಷ, 76 ಸಾವಿರ. ಫೋನಿನಲ್ಲಿ ಯಾವ ಮೊತ್ತದ ನಷ್ಟ ನೋಡಿದರೂ ರಾತ್ರಿ ನಿದ್ದೆ ಬರುತ್ತದೋ ಅದು ನಿಮ್ಮದು. ಹಾಸ್ಯಕ್ಕೆ ಹೇಳುತ್ತಿಲ್ಲ. ತಳದಲ್ಲಿ ಮಾರಿ ಹೊರಬರುವವರ ನಷ್ಟ ಮಾತ್ರ ಕಾಗದದ್ದಾಗಿ ಉಳಿಯುವುದಿಲ್ಲ.

ಬ್ಯಾಲೆನ್ಸ್ಡ್ ಅಡ್ವಾಂಟೇಜ್ ಕೇಳಲು ಬಹಳ ಚಂದ. ತೊಂದರೆ ಏನೆಂದರೆ ಒಂದೇ ಹೆಸರಿನ ಎರಡು ಫಂಡ್‌ಗಳ ನಡವಳಿಕೆ ಪೂರ್ತಿ ಬೇರೆ ಇರಬಹುದು. ಒಂದರಲ್ಲಿ ನಿಜವಾದ ಷೇರು ಪಾಲು ಶೇ. 35, ಇನ್ನೊಂದರಲ್ಲಿ ಶೇ. 65. ಮಾಹಿತಿ ಪತ್ರದಲ್ಲಿ 'ನೆಟ್ ಈಕ್ವಿಟಿ' ಎಂಬ ಸಾಲು ಹುಡುಕಿ. ಬರೀ 'ಈಕ್ವಿಟಿ' ನೋಡಿದರೆ ಆರ್ಬಿಟ್ರೇಜ್ ಪಾಲೂ ಅದರಲ್ಲಿ ಸೇರಿ ದೊಡ್ಡದಾಗಿ ಕಾಣುತ್ತದೆ. 2020ರಲ್ಲಿ ಆ ಫಂಡ್ ಎಷ್ಟು ಇಳಿದಿತ್ತು ಎಂಬುದನ್ನೂ ನೋಡಿ. ಆಗ ಇರಲೇ ಇಲ್ಲದ ಫಂಡ್ ಆದರೆ ಪರೀಕ್ಷೆ ಬರೆಯದವರ ಅಂಕಪಟ್ಟಿ ಅದು.

ನನ್ನ ಒಲವು ಬೇರೆ ಕಡೆ. ಹತ್ತು ವರ್ಷದ ಹಣ ಇದ್ದವರು, ಒಂದು ಸರಳ ನಿಫ್ಟಿ ಇಂಡೆಕ್ಸ್ ಫಂಡ್ (ನಿಫ್ಟಿ ಸೂಚ್ಯಂಕದ 50 ದೊಡ್ಡ ಕಂಪನಿಗಳ ಷೇರನ್ನೇ ಕೊಳ್ಳುವ ಫಂಡ್) ಮತ್ತು ಒಂದು ಎಫ್‌ಡಿ ಇಟ್ಟು ತಮ್ಮದೇ ಹೈಬ್ರಿಡ್ ಮಾಡಿಕೊಳ್ಳಬಹುದು. ಅರ್ಧ ಅಲ್ಲಿ, ಅರ್ಧ ಇಲ್ಲಿ. ಇಂಡೆಕ್ಸ್ ಫಂಡ್‌ನ ಖರ್ಚು ಕಡಿಮೆ. ಮ್ಯಾನೇಜರ್ ಬದಲಾದರೆ ತಲೆಬಿಸಿ ಇಲ್ಲ. ಹಣ ಬೇಕಾದಾಗ ಪೇಟೆ ಬಿದ್ದಿದ್ದರೆ ಎಫ್‌ಡಿ ಕಡೆಯಿಂದ ತೆಗೆಯುತ್ತೀರಿ. ಹೈಬ್ರಿಡ್ ಫಂಡ್‌ನಲ್ಲಿ ಈ ಆಯ್ಕೆ ಇಲ್ಲ, ಒಂದು ಯೂನಿಟ್ ಮಾರಿದರೆ ಬಿದ್ದ ಷೇರೂ ಜೊತೆಗೆ ಮಾರಿಹೋಗುತ್ತದೆ. ಆದರೆ ವರ್ಷಕ್ಕೊಮ್ಮೆ ಕೂತು ಎರಡೂ ಕಡೆ ಸಮ ಮಾಡುವ ತಾಳ್ಮೆ ಬೇಕು. ಅದಿಲ್ಲದವರಿಗೆ ಹೈಬ್ರಿಡ್ ಒಳ್ಳೆಯದೇ.

ಇಂಡೆಕ್ಸ್ ಫಂಡ್ ಬಗ್ಗೆ ನಮ್ಮವರಿಗೊಂದು ಎಚ್ಚರಿಕೆ. ನಿಫ್ಟಿ 50ರಲ್ಲಿ ಸುಮಾರು ಮೂರನೇ ಒಂದು ಭಾಗ ಬ್ಯಾಂಕು ಮತ್ತು ಹಣಕಾಸು ಕಂಪನಿಗಳದು. ಈ ಎರಡು ಜಿಲ್ಲೆಗಳಲ್ಲಿ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದವು. ಎಷ್ಟೋ ಮನೆಗಳಲ್ಲಿ ಬ್ಯಾಂಕಿನ ಪಿಂಚಣಿ, ಬ್ಯಾಂಕಿನ ಎಫ್‌ಡಿ, ಬ್ಯಾಂಕಿನ ಹಳೆಯ ಷೇರು ಎಲ್ಲವೂ ಇವೆ. ವಿಜಯಾ ಬ್ಯಾಂಕಿನ 1,000 ಷೇರಿಗೆ ಬ್ಯಾಂಕ್ ಆಫ್ ಬರೋಡಾದ 402 ಸಿಕ್ಕವು, ಸಿಂಡಿಕೇಟ್‌ನ 1,000ಕ್ಕೆ ಕೆನರಾದ 158, ಕಾರ್ಪೊರೇಷನ್‌ನ 1,000ಕ್ಕೆ ಯೂನಿಯನ್ ಬ್ಯಾಂಕಿನ 330. ಅಜ್ಜನ ಕಾಲದ ಅಭಿಮಾನ ಸರಿ, ಅದರ ಮೇಲೆ ಇನ್ನೊಂದು ಬ್ಯಾಂಕಿಂಗ್ ಫಂಡ್ ಕೊಳ್ಳುವುದು ಬೇಡ. ಹಾಗೆಯೇ ಗಲ್ಫ್‌ನಲ್ಲಿ ಇರುವವರು ಎನರ್ಜಿ ಫಂಡ್ ಕೊಂಡರೆ ಸಂಬಳವೂ ಫಂಡೂ ಒಂದೇ ತೈಲದ ಮೇಲೆ ನಿಲ್ಲುತ್ತವೆ.

ಸ್ಮಾಲ್ ಕ್ಯಾಪ್ (ಸಣ್ಣ ಕಂಪನಿಗಳು), ಡಿಫೆನ್ಸ್, ಇವಿ (ವಿದ್ಯುತ್ ವಾಹನ), ಮತ್ತೆ ತಿಂಗಳಿಗೊಂದು ಬರುವ ಹೊಸ ಥೀಮ್ ಫಂಡ್? ಇಂಥ ಕಾಲದಲ್ಲಿ ಬೇಡ. ಮೊದಲಿನ ಪಾಲುಗಳು ಭದ್ರವಾದ ಮೇಲೆ ಉಳಿದ ಕೈಖರ್ಚಿನ ಹಣಕ್ಕೆ ನೋಡಬಹುದು.

ಬಂಗಾರ

ಇಲ್ಲಿ ಪವನ್ (8 ಗ್ರಾಂ) ಲೆಕ್ಕದಲ್ಲಿ ಮಾತಾಡದ ಮನೆ ಇಲ್ಲ. ಹೆದರಿಕೆಯ ಕಾಲದಲ್ಲಿ ಬಂಗಾರ ಏರುವುದೂ ಹೌದು. ಆದರೆ ಅದಕ್ಕೂ ನಿದ್ದೆಯ ವರ್ಷಗಳಿವೆ: 2012ರಲ್ಲಿ 10 ಗ್ರಾಂ ಶುದ್ಧ ಚಿನ್ನಕ್ಕೆ ಸುಮಾರು 31 ಸಾವಿರ ಇತ್ತು, 2018ರಲ್ಲೂ ಹೆಚ್ಚುಕಡಿಮೆ ಅಷ್ಟೇ. ಆರು ವರ್ಷ ಎಫ್‌ಡಿಯೇ ಗೆದ್ದಿತು. ಆಭರಣ ಹಾಕಿಕೊಳ್ಳಲು ಕೊಳ್ಳಿ, ಅದರ ಮಜೂರಿ ಮಾರುವಾಗ ಸಿಗುವುದಿಲ್ಲ. ಹೂಡಿಕೆಗೆ ಗೋಲ್ಡ್ ಇಟಿಎಫ್ (ಷೇರಿನಂತೆ ಪೇಟೆಯಲ್ಲಿ ಕೊಳ್ಳುವ ಚಿನ್ನದ ಫಂಡ್) ಅಥವಾ ಗೋಲ್ಡ್ ಫಂಡ್ ಸಾಕು. ಸರಕಾರದ ಚಿನ್ನದ ಬಾಂಡ್ 2024ರ ಫೆಬ್ರವರಿಯ ನಂತರ ಹೊಸದಾಗಿ ಬಂದಿಲ್ಲ. ಮನೆಯಲ್ಲಿ ಈಗಾಗಲೇ ಹತ್ತಿಪ್ಪತ್ತು ಪವನ್ ಇದ್ದರೆ ನಿಮ್ಮ ಬಂಗಾರದ ಪಾಲು ತುಂಬಿದೆ.

ಒಮ್ಮೆಲೇ ಹಾಕುವುದಾ, ತಿಂಗಳು ತಿಂಗಳಾ?

ತಿಂಗಳಿಗಿಷ್ಟು ಎಂದು ಫಂಡ್‌ಗೆ ಕಟ್ಟುವ ಎಸ್‌ಐಪಿಯನ್ನು ಏಜೆಂಟರು ಪಿಗ್ಮಿಗೆ ಹೋಲಿಸುತ್ತಾರೆ. ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆ ಮನೆಬಾಗಿಲಲ್ಲಿ ಸಂಗ್ರಹಿಸಿ ಬೆಳೆದದ್ದು ಎಲ್ಲರಿಗೂ ಗೊತ್ತು. ಅಭ್ಯಾಸದ ಮಟ್ಟಿಗೆ ಆ ಹೋಲಿಕೆ ಸರಿ. ಆದರೆ ಪಿಗ್ಮಿಯಲ್ಲಿ ಕಟ್ಟಿದ್ದಕ್ಕಿಂತ ಕಡಿಮೆ ಮರಳುವ ಪ್ರಶ್ನೆಯೇ ಇರಲಿಲ್ಲ. ಎಸ್‌ಐಪಿಯಲ್ಲಿ ಮೂರು ವರ್ಷ ಕಟ್ಟಿಯೂ ನಷ್ಟದಲ್ಲಿ ಇರಬಹುದು. ಇದನ್ನು ಹೇಳದೆ ಸೇರಿಸಿದವರು ಮೊದಲ ಕುಸಿತಕ್ಕೇ ಬಿಟ್ಟುಹೋಗುತ್ತಾರೆ.

ತಿಂಗಳ ಸಂಬಳದವರಿಗೆ ಎಸ್‌ಐಪಿ ಬಿಟ್ಟು ಬೇರೆ ಯೋಚನೆ ಬೇಡ. ಪೇಟೆ ಇಳಿದಾಗ ಅದೇ ಹಣಕ್ಕೆ ಜಾಸ್ತಿ ಯೂನಿಟ್ ಬರುತ್ತವೆ, ಅಷ್ಟೇ ಅದರ ಗುಟ್ಟು. ಕಡಲಿನವರಿಗೆ ಮಾತ್ರ 12 ತಿಂಗಳ ಎಸ್‌ಐಪಿ ಹೊಂದುವುದಿಲ್ಲ. ಜೂನ್, ಜುಲೈಯಲ್ಲಿ ಖಾತೆಯಲ್ಲಿ ಹಣ ಇಲ್ಲದೆ ಕಂತು ತಪ್ಪಿದರೆ ಬ್ಯಾಂಕ್ ದಂಡ ಹಾಕುತ್ತದೆ. ಅನೇಕ ಫಂಡ್‌ಗಳಲ್ಲಿ ಒಂದೆರಡು ತಿಂಗಳು ಎಸ್‌ಐಪಿ ನಿಲ್ಲಿಸಿಡುವ ಅವಕಾಶ ಇದೆ, ಮೇ ತಿಂಗಳಲ್ಲೇ ಅರ್ಜಿ ಕೊಡಿ. ಇಲ್ಲವೇ ಎಸ್‌ಐಪಿಯನ್ನೇ ಸಣ್ಣದಾಗಿ ಇಟ್ಟು, ಆಗಸ್ಟ್ ನಂತರ ಒಳ್ಳೆಯ ಮೀನು ಬಿದ್ದ ತಿಂಗಳಲ್ಲಿ ಮೇಲಿಂದ ಹಾಕಿ.

ಅಡಿಕೆ ಮಾರಿದ ಹಣ, ಜಾಗ ಮಾರಿದ ಹಣ, ನಿವೃತ್ತಿಯ ಗ್ರಾಚ್ಯುಟಿ ಒಟ್ಟಿಗೆ ಬರುತ್ತವೆ. ಅದನ್ನು ಲಿಕ್ವಿಡ್ ಫಂಡ್‌ಗೆ ಹಾಕಿ ಅಲ್ಲಿಂದ ತಿಂಗಳಿಗಿಷ್ಟು ಎಂದು ಷೇರಿನ ಫಂಡ್‌ಗೆ ವರ್ಗಾಯಿಸುವ ಎಸ್‌ಟಿಪಿ ಇದೆ. ಪೇಟೆ ಏರುತ್ತಲೇ ಹೋದರೆ ಒಮ್ಮೆಲೇ ಹಾಕಿದವರು ಗೆಲ್ಲುತ್ತಾರೆ, ಅದೂ ನಿಜ. ಆದರೂ 30 ಲಕ್ಷ ಒಂದೇ ದಿನ ಹಾಕಿ ಮರು ತಿಂಗಳು 24 ಲಕ್ಷ ನೋಡುವ ಧೈರ್ಯ ನನಗೆ ತಿಳಿದವರಲ್ಲಿ ಹೆಚ್ಚಿನವರಿಗೆ ಇಲ್ಲ. ಹನ್ನೆರಡರಿಂದ ಹದಿನೆಂಟು ತಿಂಗಳಿಗೆ ಹಂಚಿ. ಒಂದು ಸಣ್ಣ ವಿಷಯ: ಎಸ್‌ಟಿಪಿಯ ಪ್ರತಿ ಕಂತೂ ಲಿಕ್ವಿಡ್ ಫಂಡ್ ಮಾರಿದ ಲೆಕ್ಕ, ಆ ಚೂರು ಲಾಭಕ್ಕೆ ತೆರಿಗೆ ಇದೆ.

ಡೈರೆಕ್ಟ್, ರೆಗ್ಯುಲರ್

ಒಂದೇ ಫಂಡ್‌ಗೆ 2013ರ ಜನವರಿಯಿಂದ ಎರಡು ಬಾಗಿಲು. ಡೈರೆಕ್ಟ್‌ನಲ್ಲಿ ಕಮಿಷನ್ ಇಲ್ಲ, ರೆಗ್ಯುಲರ್‌ನಲ್ಲಿ ಇದೆ. ವ್ಯತ್ಯಾಸ ವರ್ಷಕ್ಕೆ ಶೇ. 0.7 ಅಂದುಕೊಳ್ಳಿ. 10 ಲಕ್ಷ 20 ವರ್ಷಕ್ಕೆ ಶೇ. 10ರಂತೆ ಬೆಳೆದರೆ 67 ಲಕ್ಷ ಚಿಲ್ಲರೆ, ಶೇ. 9.3ರಂತೆ ಬೆಳೆದರೆ 59 ಲಕ್ಷ. ನಡುವಿನ 8 ಲಕ್ಷ ಸಣ್ಣದಲ್ಲ ಅಲ್ವಾ?

ಹಾಗಂತ ಎಲ್ಲರಿಗೂ ಡೈರೆಕ್ಟ್ ಹೇಳಲಾರೆ. 2020ರ ಮಾರ್ಚ್‌ನಲ್ಲಿ "ಮಾರಬೇಡಿ" ಎಂದು ಫೋನ್ ಮಾಡಿ ತಡೆದ ವಿತರಕರು ಆ 8 ಲಕ್ಷಕ್ಕಿಂತ ಜಾಸ್ತಿ ಉಳಿಸಿಕೊಟ್ಟಿದ್ದಾರೆ. ವರ್ಷಕ್ಕೊಂದು ಹೊಸ ಫಂಡ್‌ಗೆ ಬದಲಾಯಿಸಲು ಮಾತ್ರ ಫೋನ್ ಮಾಡುವವರಾದರೆ ಅವರಿಗೆ ಕೊಡುವ ಕಮಿಷನ್ ವ್ಯರ್ಥ. ಬ್ಯಾಂಕ್ ಕೌಂಟರ್‌ನಲ್ಲಿ ಕೊಂಡದ್ದೂ ರೆಗ್ಯುಲರ್ ಎಂಬುದು ನೆನಪಿರಲಿ. ಎಫ್‌ಡಿ ನವೀಕರಿಸಲು ಹೋದವರು ಫಂಡೋ ವಿಮೆಯೋ ಹಿಡಿದುಕೊಂಡು ಬರುವುದು ಇಲ್ಲಿ ಹೊಸದಲ್ಲ. ಸಹಿ ಹಾಕುವ ಮೊದಲು ಇದು ಮ್ಯೂಚುವಲ್ ಫಂಡಾ, ಯುಲಿಪ್ ವಿಮೆಯಾ ಎಂದು ಬಾಯಿಬಿಟ್ಟು ಕೇಳಿ. ಯುಲಿಪ್ ಆದರೆ ಐದು ವರ್ಷ ಹಣ ತೆಗೆಯುವಂತಿಲ್ಲ.

ಗಲ್ಫ್‌ಗೆ ಹೊರಟವರು, ಅಲ್ಲಿಂದ ಮರಳಿದವರು ಕೆವೈಸಿಯಲ್ಲಿ ವಾಸದ ಸ್ಥಿತಿ ಬದಲಾಯಿಸಿ. ನಿವಾಸಿ ಎಂದೇ ಬಿಟ್ಟು ಹೋದ ಹಳೆಯ ಎಸ್‌ಐಪಿ ಸಾಮಾನ್ಯ ಉಳಿತಾಯ ಖಾತೆಯಿಂದ ನಡೆಯುತ್ತಲೇ ಇರುತ್ತದೆ. ಆ ಖಾತೆ ಎನ್‌ಆರ್‌ಒ (ಅನಿವಾಸಿಯ ಊರಿನ ಆದಾಯದ ಖಾತೆ) ಆಗಬೇಕಿತ್ತು, ತೆರಿಗೆಯ ಲೆಕ್ಕವೂ ಬೇರೆಯಾಗಬೇಕಿತ್ತು. ಮಂಗಳೂರಿಗೆ ರಜೆಯಲ್ಲಿ ಬಂದಾಗ ಪಾಸ್‌ಪೋರ್ಟ್, ವೀಸಾ ಪ್ರತಿ, ಪ್ಯಾನ್ ಹಿಡಿದು ಬ್ಯಾಂಕಿಗೂ ಫಂಡ್‌ನ ಸೇವಾ ಕೇಂದ್ರಕ್ಕೂ ಒಮ್ಮೆ ಹೋಗಿ ಬನ್ನಿ. ಹೋದಾಗಲೇ ನಾಮಿನಿ ಹೆಸರು ಸರಿ ಇದೆಯಾ ನೋಡಿಕೊಳ್ಳಿ. ಮದುವೆಗೆ ಮೊದಲು ಅಮ್ಮನ ಹೆಸರು ಬರೆಸಿದ್ದನ್ನು ಆಮೇಲೆ ಯಾರೂ ತಿರುಗಿ ನೋಡಿರುವುದಿಲ್ಲ.